ಆಯಿಯ ಆಣೆಗೆ ತಿದ್ದುಪಡಿ

ಸರಸಂಬಾದ ನಮ್ಮ ಮನೆಗೆ ಒಂದರ ಹೊಟ್ಟೆಯಲ್ಲಿ ಒಂದರಂತೆ ಎರಡು ಬಾಗಿಲು. ದೊಡ್ಡ ಬಾಗಿಲು ಹೇರಿದ ಗಾಡಿ ಒಳಗೆ ಬರುವಷ್ಟು ಅಗಲ. ಅದನ್ನು ಪೂರ್ತಿ ತೆಗೆಯುತ್ತಿದ್ದದ್ದು ಸುಗ್ಗಿಯಲ್ಲಿ, ಮದುವೆಯಲ್ಲಿ ಮಾತ್ರ. ಅದರಲ್ಲೇ ಕೊರೆದ ದಿಡ್ಡಿ ಬಾಗಿಲು ಒಬ್ಬರು ತಲೆ ಬಗ್ಗಿಸಿ ದಾಟುವಷ್ಟು. ಒಳಗೆ ಕಾಲಿಟ್ಟರೆ ಅಂಗಳ, ಅಂಗಳದ ಮೂಲೆಯಲ್ಲಿ ಜೋಳ ತುಂಬಿಡುವ ಹಗೇವು. ನೆಲದೊಳಗೆ ಬಾವಿಯಂತೆ ತೋಡಿ, ಮೇಲೆ ಚಪ್ಪಡಿ ಕಲ್ಲು ಎಳೆದು, ಮಣ್ಣು ಮೆತ್ತಿ ಮುಚ್ಚುವ ಕಣಜ ಅದು. ಅಂಗಳ ದಾಟಿದರೆ ಕರೀ ಹಾಸುಗಲ್ಲಿನ ಪಡಸಾಲೆ, ಅದರ ಹಿಂದೆ ಅಡುಗೆಮನೆ, ಅಡುಗೆಮನೆಯ ಮಗ್ಗುಲಿಗೆ ದೇವರ ಜಗಲಿ. ಗೋಡೆಗಳು ಎಷ್ಟು ದಪ್ಪವೆಂದರೆ ಗೋಡೆಯ ಗೂಡಿನಲ್ಲಿ ನಾನು ಕಾಲು ಮಡಚಿ ಕೂರುತ್ತಿದ್ದೆ. ಕಿಟಕಿ ಒಂದೂ ಇರಲಿಲ್ಲ. ಮಾಳಿಗೆಯ ಬೆಳಕಿಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿದು ಮುಂಜಾನೆ ಬೀಸುವ ಕಲ್ಲಿನ ಮೇಲೆ, ಮಧ್ಯಾಹ್ನ ಒಲೆಯ ಮುಂದೆ, ಆಮೇಲೆ ಜಗಲಿಯ ಕಡೆಗೆ ಸರಿಯುತ್ತಿತ್ತು. ಹಿತ್ತಲಲ್ಲಿ ಸ್ವಂತ ಬಾವಿ. ಊರಿನ ಹೆಂಗಸರು ಕೊಡ ಹೊತ್ತು ದೂರ ಹೋಗುವಾಗ ನಮ್ಮವ್ವ ಮನೆಯಲ್ಲೇ ಸಿಹಿನೀರು ಸೇದುತ್ತಿದ್ದಳು. ದೇವರು ಕೊಟ್ಟದ್ದು ಎಂದು ಆ ಬಾವಿಗೆ ದಿನಾ ಕೈ ಮುಗಿಯುತ್ತಿದ್ದೆವು. ಅದೊಂದು ಇಲ್ಲದಿದ್ದರೆ ನಮ್ಮನ್ನು ಅಷ್ಟು ಕಾಲ ಒಳಗಿಡಲು ಯಾರಿಂದಲೂ ಆಗುತ್ತಿರಲಿಲ್ಲ ಎಂಬುದು ನನಗೆ ಹೊಳೆದದ್ದು ಎಷ್ಟೋ ವರ್ಷಗಳ ಮೇಲೆ.

ಒಳಗಿಟ್ಟವಳು ನಮ್ಮ ಆಯಿ, ಅಪ್ಪನ ತಾಯಿ. ಕೆಟ್ಟ ಮನಸ್ಸಿನಿಂದಲ್ಲ. ರಜಾಕಾರರ ಹಾವಳಿಯ ಕಾಲ ಅದು. ಆಳಂದದ ಹಾದಿಯಲ್ಲಿ ಧೂಳೆದ್ದರೂ ಊರಿನ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತಿದ್ದವು. ಒಂದು ಮಧ್ಯಾಹ್ನ ಪಕ್ಕದ ಊರಿನ ಕಡೆಯಿಂದ ಹೊಗೆ ಏಳುವುದು ಕಂಡಾಗ ಅಪ್ಪ ಖಾಲಿ ಬಿದ್ದಿದ್ದ ಹಗೇವಿನ ಕಲ್ಲು ಸರಿಸಿದ. ಮುಚ್ಚಿಟ್ಟ ಹಗೇವಿನೊಳಗೆ ಗಾಳಿ ಕೆಟ್ಟಿರುತ್ತದೆ; ಹಾಗೇ ಇಳಿದವರು ಉಸಿರು ಸಿಕ್ಕದೆ ಅಲ್ಲೇ ಬಿದ್ದದ್ದುಂಟು. ಅದಕ್ಕೇ ಆಯಿ ಮೊದಲು ಕಂದೀಲನ್ನು ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ನೋಡಿದಳು. ದೀಪ ಆರಲಿಲ್ಲ. ಆಮೇಲೆ ನಾನು, ಅವ್ವ, ಕೊನೆಗೆ ಆಯಿ ಇಳಿದೆವು. ಅಪ್ಪ ಸ್ವಲ್ಪ ಸಂದು ಬಿಟ್ಟು ಕಲ್ಲು ಎಳೆದು ಮೇಲೆ ಜೋಳದ ದಂಟಿನ ಕಣಿಕೆ ಒಟ್ಟಿದ. ನೆರೆಮನೆಯ ಮಹಬೂಬ ಚಾಚಾ ಆ ಕಣಿಕೆಯ ಪಕ್ಕದಲ್ಲೇ ಮೇವು ಕತ್ತರಿಸುತ್ತ ಕುಳಿತು, ಬಂದವರಿಗೆ ಈ ಮನೆಯ ಹೆಂಗಸರು ಊರಲ್ಲಿಲ್ಲವೆಂದು ಹೇಳಿ ಸಾಗಹಾಕಿದರಂತೆ. ಅವರ ಹೊಟ್ಟೆ ತಣ್ಣಗಿರಲಿ. ಒಳಗೆ ಮುಗ್ಗಿದ ಜೋಳದ ವಾಸನೆ. ಅವ್ವ ನನ್ನ ಬಾಯಿಯ ಮೇಲೆ ಕೈ ಇಟ್ಟಿದ್ದಳು. ಮೇಲೆ ಕಾಲಿನ ಸಪ್ಪಳ ಬಂದಾಗ ಆಯಿ ಸೆರಗಿನ ಗಂಟಿನಿಂದ ವಿಭೂತಿ ತೆಗೆದು, ನಮ್ಮಿಬ್ಬರ ಹಣೆಗೆ ಹಚ್ಚಿ, ಕಂದೀಲಿನ ಮುಂದೆ ಪಿಸುಗುಟ್ಟಿದಳು:

"ಮಲ್ಲಯ್ಯಾ, ಈ ಹೆಣ್ಮಕ್ಕಳನ್ನ ಜೀವಂತ ಮ್ಯಾಲ ತೆಗಿಯಪ್ಪಾ. ಈ ಮನೀನೇ ನಿನ್ನ ಗುಡಿ ಅಂತೀನಿ. ಇನ್ನ ಈ ಮನಿ ಹೆಣ್ಣು ದೊಡ್ಡ ಬಾಗಲಾ ದಾಟೂದಿಲ್ಲ."

ಮನೆದೇವರು ಮಲ್ಲಯ್ಯ ತನ್ನ ಪಾಲಿನ ಮಾತು ನಡೆಸಿದ. ನಾವು ಮೂವರೂ ಮೈಗೆ ಮಣ್ಣು ಹತ್ತಿದ್ದು ಬಿಟ್ಟರೆ ಬೇರೇನೂ ಆಗದೆ ಮೇಲೆ ಬಂದೆವು. ಇನ್ನು ನಮ್ಮ ಪಾಲಿನದು ಉಳಿಯಿತು. ಆಯಿ ಅಂಜಿಕೆಯಲ್ಲಿ ಆಣೆ ಮಾಡುವಾಗ ಅದಕ್ಕೊಂದು ಕೊನೆ ಇಡುವುದನ್ನು ಮರೆತಿದ್ದಳು. "ಈ ಗದ್ದಲ ಮುಗಿಯೋತನ" ಎಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ಪೊಲೀಸ್ ಆಕ್ಷನ್ ಆಯಿತು, ನಿಜಾಮರ ಆಳ್ವಿಕೆ ಹೋಯಿತು, ಚಾವಡಿಯ ಮೇಲೆ ಮೂರು ಬಣ್ಣದ ಬಾವುಟ ಏರಿತು. ಅದನ್ನು ನೋಡಲು ಊರಿನ ಹೆಂಗಸರು ಕೂಸುಗಳನ್ನು ಕಟ್ಟಿಕೊಂಡು ಹೋದರು. ನಾವು ದಿಡ್ಡಿ ಬಾಗಿಲಿನ ಒಳಗೆ ನಿಂತು ಜೈಕಾರ ಕೇಳಿದೆವು. ನಾವೂ ಹೋಗೋಣವೇ ಎಂದು ಅವ್ವ ಆಸೆಯಿಂದ ಕೇಳಿದ್ದಕ್ಕೆ ಆಯಿ ಅಂದದ್ದು ನನಗಿನ್ನೂ ನೆನಪಿದೆ:

"ಸರಕಾರ ಬದಲಾತು ಖರೆ. ದೇವರು ಬದಲಾದನೇನು?"

ಅವ್ವನ ತವರು ಖಜೂರಿ. ಗಾಡಿ ಕಟ್ಟಿದರೆ ಊಟದ ಹೊತ್ತಿಗೆ ಮುಟ್ಟುವ ಊರು. ಅವಳ ತಾಯಿಗೆ ಕಣ್ಣು ಮಂದವಾಗುತ್ತ ಬಂದಿವೆ ಎಂದು ಹೇಳಿಕಳಿಸಿದ್ದರು. ಪೂರಾ ಕಾಣದಂತಾಗುವ ಮೊದಲು ಒಮ್ಮೆ ಮುಖ ತೋರಿಸಿ ಹೋಗು ಎಂದು. ಅವ್ವ ಆ ದಿನ ಪುಂಡಿಪಲ್ಯಕ್ಕೆ ಉಪ್ಪು ಹಾಕುವುದನ್ನು ಮರೆತಳು, ಅಷ್ಟೇ. ಅತ್ತದ್ದನ್ನು ನಾನು ನೋಡಲಿಲ್ಲ. ನಾನೂ ಆಣೆಯನ್ನು ಹಗುರ ಎಣಿಸಿದವಳಲ್ಲ. ಹಗೇವಿನೊಳಗಿಂದ ನನ್ನನ್ನು ಎತ್ತಿದವನು ಮಲ್ಲಯ್ಯನೇ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ನಂಬಿದ್ದಕ್ಕೇ ಆ ಬಾಗಿಲು ಅಷ್ಟು ಭಾರವಾಗಿತ್ತು. ಆದರೂ ಬೆಳಕಿಂಡಿಯ ಬಿಸಿಲು ಇತ್ತು, ಬಾವಿಯಿತ್ತು, ಹೊಟ್ಟೆ ತುಂಬ ರೊಟ್ಟಿಯಿತ್ತು. ದಿನಾ ಮಲಗುವಾಗ ಇವನ್ನು ಎಣಿಸಿಕೊಳ್ಳುವುದನ್ನು ಅವ್ವ ಕಲಿಸಿದ್ದಳು. ಎಣಿಕೆ ಬೇಗ ಮುಗಿಯುತ್ತಿತ್ತು.

ಆಗ ನಮ್ಮ ಪಡಸಾಲೆಗೆ ಮಾಸ್ತರರು ಬಂದರು. ಬಿಜಾಪುರದ ಕಡೆಯವರು, ಸಣಕಲು ಮೈ, ಕೊರಳಿಗೆ ಸುತ್ತಿದ ಶಲ್ಯ. ಅಲ್ಲಿಯವರೆಗೆ ಊರ ಸಾಲೆಯಲ್ಲಿ ಉರ್ದು ಮಾತ್ರ. ಈಗ ಕನ್ನಡ ಕಲಿಸಬೇಕೆಂದರೆ ಹೊಸ ಸಾಲೆಗೆ ಜಾಗವೇ ಇರಲಿಲ್ಲ. ಅಪ್ಪ ಪಡಸಾಲೆ ಬಿಟ್ಟುಕೊಟ್ಟ. ನನ್ನ ಅಣ್ಣ ಸಿದ್ದಣ್ಣ, ಅವನ ಜೊತೆಗೆ ಊರಿನ ಹುಡುಗರು ಹಾಸುಗಲ್ಲಿನ ಮೇಲೆ ಕೂರುತ್ತಿದ್ದರು. ಮಾಸ್ತರರು ಅದೇ ಕಲ್ಲಿನ ಮೇಲೆ ಸುಣ್ಣದ ತುಂಡಿನಿಂದ ಬರೆಯುತ್ತಿದ್ದರು. ನಾನು ಅಡುಗೆಮನೆಯ ಬಾಗಿಲ ಮರೆಯಲ್ಲಿ ರೊಟ್ಟಿ ಬಡಿಯುತ್ತ ಅಕ್ಷರ ಕಲಿತೆ; ನಾದುವ ಮರದ ಕೊಣಮಿಗೆಯಲ್ಲಿ ಹರಡಿದ ಹಿಟ್ಟಿನ ಮೇಲೆ ಬೆರಳಿನಿಂದ ಬರೆದು, ಅಳಿಸಿ, ಅದೇ ಹಿಟ್ಟನ್ನು ನಾದಿಬಿಡುತ್ತಿದ್ದೆ. ಪಾಠ ರುಚಿಗಟ್ಟಿದಾಗ ಕೈ ತಾನಾಗಿ ನಿಲ್ಲುತ್ತಿತ್ತು. ಆಗ ಜಗಲಿಯ ಹತ್ತಿರದಿಂದ ಆಯಿಯ ದನಿ ಬರುತ್ತಿತ್ತು:

"ಶರಣೀ, ರೊಟ್ಟಿ ಸಪ್ಪಳ ನಿಂತದಲ್ಲ ಬೇ! ನೀ ಏನು ವಕೀಲಕಿ ಆಗಾಕಿ ಏನು?"

ಮಾಸ್ತರರಿಗೆ ಸೊಲ್ಲಾಪುರದಿಂದ ಹಳೇ ಪತ್ರಿಕೆಗಳು ಬರುತ್ತಿದ್ದವು. ದಿಲ್ಲಿಯಲ್ಲಿ ದೊಡ್ಡ ಸಭೆ ಕೂತು ದೇಶಕ್ಕೆ ರಾಜ್ಯಘಟನೆ ಬರೆಯುತ್ತಿದೆ ಎಂದು ಅವರು ಓದಿ ಹೇಳುತ್ತಿದ್ದರು. ಈಗ ಸಂವಿಧಾನ ಎನ್ನುವುದಕ್ಕೆ ಆಗ ನಮ್ಮ ಕಡೆ ಘಟನೆ ಎನ್ನುತ್ತಿದ್ದರು. ಕರಡು ತಯಾರಾಗಿದೆ, ಒಂದೊಂದು ಮಾತಿಗೂ ಸದಸ್ಯರು ಎದ್ದು ತಿದ್ದುಪಡಿ ಸೂಚಿಸುತ್ತಾರೆ, ಉಳಿದವರು ಹೌದು ಅಥವಾ ಅಲ್ಲ ಎನ್ನುತ್ತಾರೆ. ಹುಡುಗರಿಗೆ ಇದು ತಲೆಗೆ ಹತ್ತಲಿಲ್ಲ. ಅದಕ್ಕೆ ಮಾಸ್ತರರು ಪಡಸಾಲೆಯನ್ನೇ ಸಭೆ ಮಾಡಿದರು. "ಯಾರೂ ಬೆಲ್ಲ ಕದಿಯಬಾರದು" ಎಂದು ಕಲ್ಲಿನ ಮೇಲೆ ಬರೆದು, ಇದಕ್ಕೆ ತಿದ್ದುಪಡಿ ತರ್ರಿ ಎಂದರು. ಸಿದ್ದಣ್ಣ ಎದ್ದು ನಿಂತ.

"ಹಸಿವಾಗಿದ್ರ ಹೊರತು ಅಂತ ಸೇರಸ್ರಿ ಮಾಸ್ತರ್ರ."

"ಹಸಿವಾಗ್ಯಾದ ಅಂತ ಯಾರು ಹೇಳಬೇಕಪಾ?"

"ಕದ್ದಾಂವನ ಹೇಳಬೇಕ್ರಿ! ಅವನ ಹೊಟ್ಟಿ ಅವಗಲ್ಲದ ಯಾರಿಗಿ ತಿಳೀತದ?"

ಇಡೀ ಪಡಸಾಲೆ ನಕ್ಕಿತು. ಒಳಗೆ ಅವ್ವನೂ ನಕ್ಕಳು. ಮಾಸ್ತರರು ನಗಲಿಲ್ಲ, ಬರೆದದ್ದನ್ನು ತೋರಿಸುತ್ತ ಕೇಳಿದರು:

"ಹಿಂಗ ಸೇರಿಸಿದ್ರ ಮೊದಲಿನ ಮಾತು ಉಳೀತೇನು? ಉಳೀಲಿಲ್ಲ. ಇದು ತಿದ್ದೂದಲ್ಲ, ಕೊಂದು ಹಾಕೂದು. ತಿದ್ದುಪಡಿ ಅಂದ್ರ ಮೂಲ ಮಾತು ಯಾಕ ಹುಟ್ಟಿತ್ತು ಅನ್ನೂದನ್ನ ಉಳಿಸಿ, ಅದು ಮಂದಿ ಕುತ್ತಿಗಿ ಹಿಚುಕದಂಗ ಮಾಡೂದು."

ಒಬ್ಬ ಹುಡುಗ ಕೇಳಿದ, ಘಟನೆ ಪಾಸಾದ ಮೇಲೆ ತಿದ್ದಲು ಬರುವುದಿಲ್ಲವೇ ಎಂದು. ಕುಂಬಾರನ ಮಗ ಅವನು. ಸುಟ್ಟ ಮಡಕೆ ತಿದ್ದಲು ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಮಾಸ್ತರರು ಅಂಗಳದ ಕಡೆ ನೋಡಿದರು. ಅಲ್ಲಿ ಅವರ ಕಣ್ಣಿಗೆ ಬಿದ್ದದ್ದು ಹಗೇವಿನ ಕಲ್ಲು.

"ಘಟನೆ ಮಡಕಿ ಅಲ್ಲೋ, ಆ ಹಗೇವು ಇದ್ದಂಗ. ಜ್ವಾಳ ಉಳೀಬೇಕಂದ್ರ ಬಾಯಿ ಮುಚ್ಚಬೇಕು. ದಿನಾ ತೆಗದು ತೆಗದು ನೋಡಿದ್ರ ಹುಳಾ ಬೀಳ್ತಾವ. ಹಂಗಂತ ತೆಗಿಯೋ ದಾರೀನೇ ಇಲ್ಲದಂಗ ಮುಚ್ಚಿದ್ರ? ಒಳಗಿನ ಜ್ವಾಳ ಮುಗ್ಗಿ ಹೋಗ್ತದ. ಅದಕ್ಕ ಘಟನೆ ಬರಿಯೋರು ಅದನ್ನ ತಿದ್ದೋ ದಾರೀನೂ ಅದರೊಳಗನ ಬರೀತಾರ. ಸಸಾರ ದಾರಿ ಅಲ್ಲ. ಆದ್ರ ದಾರಿ ಅದ."

ನಾವು ಆ ಹಗೇವಿನೊಳಗೆ ಕೂತಿದ್ದೆವೆಂದು ಆ ಪುಣ್ಯಾತ್ಮರಿಗೆ ಗೊತ್ತಿರಲಿಲ್ಲ. ನನ್ನ ಮೂಗಿಗೆ ಮುಗ್ಗಿದ ವಾಸನೆ ಬಂದಂತಾಯಿತು. ಕೈಯಲ್ಲಿ ಹಸಿ ಹಿಟ್ಟು ಹಾಗೇ ಇತ್ತು. ಗಂಡಸರಿದ್ದ ಪಡಸಾಲೆಯ ಕಡೆಗೆ ನಾನು ಬಾಗಿಲ ಮರೆಯಿಂದ ದನಿ ತೆಗೆದದ್ದು ಅದೇ ಮೊದಲು.

"ಮಾಸ್ತರ್ರ, ದಾರಿ ಇಡೂದು ಮರ್ತಿದ್ರ ಏನು ಮಾಡಬೇಕ್ರಿ? ನಮ್ಮ ಆಯಿ ಒಂದು ಆಣಿ ಮಾಡ್ಯಾಳ. ಅದಕ್ಕ ತಿದ್ದುಪಡಿ ತರಾಕ ಬರ್ತದೇನ್ರಿ?"

ಮಾಸ್ತರರು ಸುಣ್ಣದ ತುಂಡು ಕೆಳಗಿಟ್ಟು ಬಾಗಿಲ ಕಡೆ ತಿರುಗಿದರು. ಅವರು ಉತ್ತರ ಕೊಡುವ ಮೊದಲೇ ಆಯಿ ಜಗಲಿಯಿಂದ ಎದ್ದು ಬಂದು, ನನ್ನ ರಟ್ಟೆ ಹಿಡಿದು ಒಲೆಯ ಮುಂದೆ ಕೂರಿಸಿ, ಬಾಗಿಲಿಗೆ ನಿಂತು ಹೇಳಿದಳು:

"ಮಾಸ್ತರ್ರ, ನಮ್ಮ ಮನಿ ರೊಟ್ಟಿ ಉಣ್ರಿ, ಬ್ಯಾಡ ಅನ್ನಲ್ಲ. ನಮ್ಮ ಮನಿ ದೇವರನ್ನ ನಿಮ್ಮ ದಿಲ್ಲಿ ಸಭಾಕ್ಕ ಒಯ್ಯಬ್ಯಾಡ್ರಿ."

"ತಪ್ಪಾತ್ರಿ ಆಯಿ," ಎಂದರು ಮಾಸ್ತರರು. ಅಂದಿನ ಪಾಠ ಅಲ್ಲಿಗೇ ಮುಗಿಯಿತು. ಮರುವಾರ ಸಾಲೆಯನ್ನು ಚಾವಡಿಗೆ ಒಯ್ಯುವ ಮಾತು ಬಂತು. ನನ್ನಿಂದಾಗಿ ಅಲ್ಲ, ಹುಡುಗರು ಹೆಚ್ಚಾಗಿದ್ದರು. ಆದರೆ ನನಗೆ ಎರಡೂ ಒಂದೇ ಅನಿಸಿತು. ಪಡಸಾಲೆಯಲ್ಲಿ ಸಾಲೆ ಇರುವವರೆಗೆ ಗೋಡೆಯ ಈಚೆಗಾದರೂ ನಾನು ಕಲಿಯಬಹುದಿತ್ತು. ಚಾವಡಿಗೆ ಹೋದರೆ ನನಗೆ ಉಳಿಯುವುದು ಹಿಟ್ಟು ಮಾತ್ರ. ಚಾವಡಿಗೆ ಹೆಣ್ಣುಮಕ್ಕಳೂ ಬರಬಹುದೆಂದು ಮಾಸ್ತರರು ಅಪ್ಪನಿಗೆ ಹೇಳಿದ್ದರು. ಅಪ್ಪ ತನ್ನ ತಾಯಿಯ ಮುಖ ನೋಡಿದ. ಆಯಿ ವಿಭೂತಿಗಟ್ಟಿಯ ಮುಖ ನೋಡಿದಳು. ಮಾತು ಅಲ್ಲಿಗೇ ಬಿತ್ತು.

ಸಾಲೆ ಹೋಗುವ ಹಿಂದಿನ ಮುಂಜಾನೆ ಅವ್ವ ಮತ್ತು ಆಯಿ ಬೀಸುವ ಕಲ್ಲಿಗೆ ಎದುರುಬದುರು ಕೂತಿದ್ದರು. ಅವ್ವ ಅತ್ತೆಗೆ ಎದುರಾಡಿದವಳಲ್ಲ. ಆವತ್ತು ಕಲ್ಲು ತಿರುಗಿಸುತ್ತಲೇ, ತಲೆ ಎತ್ತದೆ ಕೇಳಿದಳು:

"ಅತ್ತಿ, ಒಂದ ಮಾತು ಕೇಳ್ಲ್ಯಾ? ಸಿದ್ದಣ್ಣನ ಜವಳದ ಕೂದಲಾ ತೆಗಿಸೋತನ ವರ್ಷಾ ವರ್ಷಾ ಭೀಮಾ ದಂಡೀಗಿ ನಡಕೋತ ಬರ್ತೀನಿ ಅಂತ ಹರಕಿ ಹೊತ್ತಿದ್ರಿ. ಮೊಣಕಾಲು ಹಿಡಕೊಂಡ ಮ್ಯಾಲ ಗಾಡ್ಯಾಗ ಹೋದ್ರಿ. ಅದು ಹ್ಯಾಂಗ ನಡೀತು?"

"ಹಂಗ ಸುಮ್ಮ ಹೋದೆನೇನು? ಹರಕಿ ಬದಲಿ ಮಾಡ್ಸಿದ್ದೆ. ಅಯ್ಯನವರು ಬಂದಿದ್ರು, ನೀನೂ ಇದ್ದಿ."

"ಇದ್ದೆರಿ. ನೆನಪದ. ಅದಕ್ಕ ಕೇಳಾಕತ್ತೇನಿ."

ಬೀಸುವ ಕಲ್ಲು ನಿಂತಿತು. ನಮ್ಮ ಮನೆತನದಲ್ಲಿ ಅಂಥದೊಂದು ಪದ್ಧತಿ ಇತ್ತು. ಹರಕೆ ಹೊತ್ತವರೇ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ ಜಗಲಿಯ ಮುಂದೆ ಕೂತು, ಮನೆಯ ಗುರುಗಳಾದ ಅಯ್ಯನವರ ಮತ್ತು ಮನೆಯವರ ಸಮಕ್ಷಮ ಮೊದಲು ಹಳೇ ಮಾತನ್ನು ಒಂದೂ ಬಿಡದೆ ಪೂರ್ತಿ ಹೇಳಬೇಕು. ಆಮೇಲೆ ಹೊಸ ಮಾತು ಸೇರಿಸಬೇಕು. ಬೇರೆ ಯಾರೂ ಸೇರಿಸುವಂತಿಲ್ಲ. ಕದ್ದುಮುಚ್ಚಿ ಮಾಡುವಂತಿಲ್ಲ. ದಿಲ್ಲಿಯ ಸಭೆಯ ಸುದ್ದಿ ಕೇಳುವ ಎಷ್ಟೋ ಮೊದಲೇ ದಾರಿ ನಮ್ಮ ಜಗಲಿಯ ಮುಂದೆಯೇ ಇತ್ತು. ಪಾಠ ಕೇಳಿ ಪ್ರಶ್ನೆ ಎತ್ತಿದವಳು ನಾನು. ದಾರಿ ಎಲ್ಲಿದೆ ಎಂದು ಕಂಡವಳು ಅವ್ವ.

ಸೋಮವಾರ ಆಯಿಯೇ ಅಯ್ಯನವರನ್ನು ಕರೆಸಿದಳು. ಆಯಿ ಒದ್ದೆ ಸೀರೆಯಲ್ಲಿ ಕೂತಳು. ಹಳೇ ಮಾತು ಹೇಳಲು ಶುರುಮಾಡಿ "ಈ ಹೆಣ್ಮಕ್ಕಳನ್ನ ಜೀವಂತ" ಎನ್ನುವಲ್ಲಿ ಮಾತು ತಪ್ಪಿತು. ಮೊದಲಿನಿಂದ ಮತ್ತೆ ಹೇಳಬೇಕಾಯಿತು. ಆಕೆ ಅಷ್ಟು ಅಂಜಿದ್ದಳೆಂದು ನನಗೆ ಆ ದಿನ ತಿಳಿಯಿತು. ಹಗೇವಿನೊಳಗೆ ಅವಳ ಮಾತು ಒಮ್ಮೆಯೂ ತಪ್ಪಿರಲಿಲ್ಲ. ಹಳೇ ಮಾತು ಪೂರ್ತಿಯಾದ ಮೇಲೆ ಆಯಿ ಕಣ್ಣು ಮುಚ್ಚಿ ಸೇರಿಸಿದಳು:

"ದಾಟೋ ಜರೂರಿ ಬಂದ್ರ, ಈ ಜಗಲಿ ಮ್ಯಾಲ ದೀಪ ಹಚ್ಚಿ ದಾಟಬೇಕು. ಹೊರಗ ಹೋದಾಕಿ ತಿರುಗಿ ಬರೋತನ ದೀಪ ಆರಬಾರದು. ಮನಿ ಹೆಣ್ಣೊಬ್ಬಾಕಿ ಒಳಗ ಕುಂತು ಕಾಯಬೇಕು. ನಾ ಮಾತ್ರ ಜೀವ ಇರೋತನ ದಾಟೂದಿಲ್ಲ. ಒಬ್ಬರಾದ್ರೂ ಹಳೀ ಮಾತು ಹಿಡೀಬೇಕು."

ಅಯ್ಯನವರು ಹೌದೆಂದರು, ಅಪ್ಪ ಹೌದೆಂದ. ಅವ್ವ ನನ್ನ ಕೈಯನ್ನು ನೋಯುವಷ್ಟು ಹಿಡಿದಿದ್ದಳು. ಎದ್ದು ಹೋಗುವಾಗ ಆಯಿ ನಮ್ಮಿಬ್ಬರನ್ನೂ ನೋಡಿ, "ಕಾಯೋ ಕೆಲಸಾನೂ ನನಗ ಹಚ್ಚಬ್ಯಾಡ್ರಿ. ಹೊರಗ ಹೋಗೋ ಆಸಿ ಇದ್ದೋರು ಒಬ್ಬರಿಗೊಬ್ಬರು ಕಾಯಕೋರಿ," ಎಂದಳು.

ಮರುದಿನ ನಾನು ತಲೆ ಬಗ್ಗಿಸಿ ದಿಡ್ಡಿ ಬಾಗಿಲು ದಾಟಿದೆ. ಬೆಳಕಿಗೆ ಕಣ್ಣು ಕುಕ್ಕಿ ನೀರು ಬಂತು. ಸಿದ್ದಣ್ಣ "ಅಳಾಕತ್ತೀಯೇನಲೇ ವಕೀಲಕಿ?" ಎಂದು ಅಣಕಿಸಿದ. ನಾನು ಸಾಲೆಯಲ್ಲಿ ಕೂತಾಗ ಅವ್ವ ಜಗಲಿಯ ಬಳಿ ಕುಸುಬಿ ಎಣ್ಣೆಯ ಗಿಂಡಿ ಇಟ್ಟುಕೊಂಡು ಬತ್ತಿ ಹೊಸೆಯುತ್ತ ಕೂರುತ್ತಿದ್ದಳು. ಹಿತ್ತಲಿಗೂ ಹೋಗುವಂತಿಲ್ಲ, ಗಾಳಿ ಬಂದರೆ ಎಂದು. ನನ್ನ ಬಿಡುಗಡೆಯ ಹೊತ್ತೆಲ್ಲ ಅವಳಿಗೆ ಕಟ್ಟು. ಅದನ್ನು ತಿಳಿದು ನಾನು ಪಾಠ ಮುಗಿದ ಕೂಡಲೇ ಓಡಿ ಬರುತ್ತಿದ್ದೆ. ದಾರಿಯಲ್ಲಿ ಯಾರಾದರೂ ಮಾತಾಡಿಸಿದರೂ ನಿಲ್ಲುತ್ತಿರಲಿಲ್ಲ. ಊರಿನ ಗಾಳಿ ಬೀಸಿದರೆ ನನಗೆ ಜಗಲಿಯ ದೀಪವೇ ಕಣ್ಣಿಗೆ ಕಟ್ಟುತ್ತಿತ್ತು. ಹೊರಗಿದ್ದರೂ ಒಳಗಿದ್ದಂತೆಯೇ. ಆದರೂ ಅದು ಕೃಪೆಯೇ. ಎಣಿಕೆಯಲ್ಲಿ ಒಂದು ಹೆಚ್ಚಾಯಿತು.

ಸುಗ್ಗಿಗೆ ಮೊದಲು ಅವ್ವ ಖಜೂರಿಗೆ ಹೋದಳು. ಈ ಸಲ ಕಾಯುವ ಸರದಿ ನನ್ನದು. ಅವಳು ಗಾಡಿ ಹತ್ತುವಾಗ ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು. ಹಗಲೆಲ್ಲ ನಾನು ಜಗಲಿಗೆ ಆತು ಕೂತೆ. ನನ್ನ ಕಣ್ಣು ಬಾಡಿದಾಗ ಅಪ್ಪ ಎಣ್ಣೆ ಹಾಕುತ್ತಿದ್ದ. ಆದರೆ ಕಾಯುವವಳು ನಾನೇ ಅಲ್ಲಿರಬೇಕು. ಹೀಗಿರುವಾಗ ಒಂದು ದಿನ ಸಿದ್ದಣ್ಣ ಓಡಿ ಬಂದ. ದಿಲ್ಲಿಯಲ್ಲಿ ಘಟನೆ ಪಾಸಾಯಿತಂತೆ, ಮಾಸ್ತರರು ಚಾವಡಿಯಲ್ಲಿ ಅದನ್ನು ಓದಿ ವಿವರಿಸುತ್ತಾರಂತೆ, ಎಲ್ಲರೂ ಬರಬೇಕಂತೆ. ನಾನು ದೀಪ ನೋಡಿದೆ. ತಿದ್ದುಪಡಿ ಕೇಳಿದವಳು ನಾನು. ಅದೇ ತಿದ್ದುಪಡಿ ನನ್ನ ಕಾಲಿಗೆ ಕಟ್ಟಿತ್ತು. ಸಿದ್ದಣ್ಣ ಹೊರಟುಹೋದ. ನಾನು ಅಳಬಾರದೆಂದು ಬತ್ತಿ ಹೊಸೆಯತೊಡಗಿದೆ.

ಆಯಿ ಗೋಡೆ ಹಿಡಿದುಕೊಂಡು ಬಂದು, ನನ್ನ ಪಕ್ಕದಲ್ಲಿ ಮೊಣಕಾಲು ನೀವುತ್ತ ಕೂತಳು. ಗಿಂಡಿಯನ್ನು ತನ್ನ ಕಡೆ ಎಳೆದುಕೊಂಡಳು.

"ಏಳು. ಹೋಗು ಜಲ್ದಿ."

"ಕಾಯೋ ಕೆಲಸ ನಂದಲ್ಲ ಅಂದಿದ್ದಿಯಲ್ಲ ಆಯಿ?"

"ಅಂದಿದ್ದೆ. ದೇವರ ಮುಂದ ಅಂದದ್ದಲ್ಲ ಅದು, ನಿಮ್ಮ ಮುಂದ ಸಿಟ್ಟಿಲೆ ಅಂದದ್ದು. ಅದಕ್ಕ ಅಯ್ಯನವರು ಬ್ಯಾಡ. ಏಳ್ತೀಯೋ, ಎಣ್ಣಿ ನಿನ್ನ ತಲೀಗಿ ಹಾಕ್ಲೋ?"

ನಾನು ಓಡಿದೆ. ಮಾಸ್ತರರು ಅದಾಗಲೇ ಅರ್ಧ ಹೇಳಿದ್ದರು. ಎಲ್ಲ ಅರ್ಥವಾಯಿತೆಂದು ಸುಳ್ಳು ಹೇಳಲಾರೆ. ತಿದ್ದುವ ದಾರಿ ಅದರೊಳಗೇ ಇಟ್ಟಿದ್ದಾರೆ ಎಂಬುದು ಮಾತ್ರ ಕಿವಿಗೆ ಬಿತ್ತು. ತಿರುಗಿ ಬಂದಾಗ ಆಯಿ ಬೆಳಕಿಂಡಿಯ ಗಾಳಿಗೆ ಸೆರಗು ಅಡ್ಡ ಹಿಡಿದು ಹಾಗೇ ಕೂತಿದ್ದಳು. ನಾನು ಏದುಸಿರಿನಲ್ಲಿ ಘಟನೆಯ ಸುದ್ದಿ ಶುರುಮಾಡಿದರೆ ತಡೆದಳು.

"ಅದು ಆಮ್ಯಾಲ ಹೇಳಂತಿ. ಮೊದಲ ಹಾದಿ ಹೇಳು. ಯಾರ್ಯಾರು ಸಿಕ್ಕರು? ಮಹಬೂಬನ ಮನಿ ಗ್ವಾಡಿ ಬಿದ್ದಿತ್ತಲ್ಲ, ಕಟ್ಟಿಸ್ಯಾನೇನು?"

ನಾನು ಹೇಳಿದೆ. ಅಂದಿನಿಂದ ದಿನಾ ಹೇಳಿದೆ. ಹಾದಿಯಲ್ಲಿ ಓಡುವುದನ್ನು ಬಿಟ್ಟು, ಆಯಿಗೆಂದು ನೋಡುತ್ತ ನಡೆಯುವುದನ್ನು ಕಲಿತೆ. ಅವ್ವ ಕೂಡ ಖಜೂರಿಯಿಂದ ಬಂದವಳು, ತನ್ನ ತಾಯಿ ಕೈಯಿಂದ ಮುಖ ಸವರಿ ಗುರುತು ಹಿಡಿದದ್ದನ್ನು ಮೊದಲು ಹೇಳಿದ್ದು ಆಯಿಗೇ.

ಬಹಳ ದಿನ ಅದು ನಡೆಯಲಿಲ್ಲ. ನಾನು ದೊಡ್ಡವಳಾದೆ, ಸಾಲೆ ಬಿಡಿಸಿದರು, ಆಮೇಲೆ ಜೇವರ್ಗಿಗೆ ಕೊಟ್ಟರು. ಇಲ್ಲಿಯ ಮನೆಯಲ್ಲಿ ಯಾವ ಆಣೆಯೂ ಇರಲಿಲ್ಲ. ಹೊರಗೆ ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಯಾರೂ ಆಡದ ಮಾತಿಗೆ ತಿದ್ದುಪಡಿ ತರುವುದು ಹೇಗೆಂದು ಮಾಸ್ತರರು ಕಲಿಸಿರಲಿಲ್ಲ. ಎಷ್ಟೋ ಸಲ ನನಗೆ ಆಯಿಯ ಆಣೆಯೇ ವಾಸಿ ಅನಿಸಿದ್ದುಂಟು. ಅದು ಇಂಥದೆಂದು ಗೊತ್ತಿತ್ತು, ಅದರ ಮುಂದೆ ಕೂತು ಮಾತಾಡಬಹುದಿತ್ತು.

ಆಣೆ ಮಾಡಿದ ಮೇಲೆ ಆಯಿ ಹೊಸಿಲು ದಾಟಿದ್ದು ಒಮ್ಮೆ ಮಾತ್ರ, ನನ್ನ ಮದುವೆಗೆ ಮೊದಲಿನ ಬೇಸಿಗೆಯಲ್ಲಿ. ಅವಳ ದೇಹವನ್ನು ಕೂರಿಸಿ ಹೊತ್ತೊಯ್ಯಲು ದೊಡ್ಡ ಬಾಗಿಲನ್ನೇ ಪೂರ್ತಿ ತೆಗೆದರು. ಎತ್ತುವ ಮೊದಲು ಅವ್ವ ಒಳಗೆ ಹೋಗಿ ಜಗಲಿಯ ಮೇಲೆ ದೀಪ ಹಚ್ಚಿ ಬಂದಳು. ಈ ಮನೆಯ ಹೆಣ್ಣು ಹೊರಗೆ ಹೋಗುತ್ತಿದ್ದಳಲ್ಲ. ಮಣ್ಣು ಮಾಡಿ ಬಂದವರು ಉಂಡು ಹೋದರು. ಸಂಜೆ ಎಣ್ಣೆ ತೀರುತ್ತ ಬಂದಾಗ ಅವ್ವ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಹೊರಗೆ ಹೋದಾಕೆ ತಿರುಗಿ ಬರೋತನ ಎಂದು ಆಯಿ ಹೇಳಿದ್ದಳು. ಆ ಮಾತಿಗೆ ಇಬ್ಬರೂ ತಿದ್ದುಪಡಿ ತರಲಿಲ್ಲ. ಅವ್ವ ಎಣ್ಣೆ ಹಾಕಿದಳು. ಅವಳು ಇರುವವರೆಗೆ ಅವಳು ಹಾಕಿದಳು. ಈಗ ಜೇವರ್ಗಿಗೆ ತಂದ ಆ ದೀಪಕ್ಕೆ ನಾನು ಹಾಕುತ್ತೇನೆ.